ಚಿಕ್ಕಪ್ಪನ ಜಪಾನು

ನಮ್ಮ ಚಿಕ್ಕಪ್ಪನಿಗೆ ಪಂಚಾಯಿತಿ ಅಧ್ಯಕ್ಷರ ಹೆಸರು ಗೊತ್ತಿಲ್ಲ. ಆದರೆ ನೂರು ವರ್ಷಕ್ಕೂ ಹಿಂದೆ ಚೀನಾದ ಕ್ರಾಂತಿಕಾರಿ ನಾಯಕರೊಬ್ಬರು ಜಪಾನಿಗೆ ಹೋಗಿ ಯಾರ ಹತ್ತಿರ ಸಹಾಯ ಕೇಳಿದರು, ಎಂಥ ಕೋಟು ತೊಟ್ಟಿದ್ದರು ಎಂಬುದೆಲ್ಲ ಬಾಯಿಪಾಠ! ಇಂಥವರನ್ನು ಹುಚ್ಚರೆನ್ನಬೇಕೋ ಪಂಡಿತರೆನ್ನಬೇಕೋ? ಚಿಕ್ಕಮ್ಮ ಮೊದಲನೆಯದನ್ನೇ ಅನ್ನುತ್ತಾರೆ. ನಾನು ದಿನಕ್ಕೊಂದು ಅನ್ನುತ್ತೇನೆ.

ಈ ಗೀಳು ಹತ್ತಿದ್ದು ಕೋರಮಂಡಲ್‌ನಲ್ಲಿ. ಚಿಕ್ಕಪ್ಪ ಅಲ್ಲಿ ಚಿನ್ನದ ಗಣಿಯೊಳಕ್ಕೆ ಇಳಿಯುತ್ತಿದ್ದವರು. ಗಣಿ ಮುಚ್ಚಿದಾಗ ಒಬ್ಬರು ನೆನಪಿಗೆಂದು ಟೋಪಿ ತಂದರು, ಇನ್ನೊಬ್ಬರು ದೀಪ ತಂದರು. ನಮ್ಮವರು ತಂದದ್ದು ಓದುವ ಕೋಣೆಯಲ್ಲಿ ಬಿದ್ದಿದ್ದ ರಟ್ಟು ಕಿತ್ತ ಪುಸ್ತಕ. ಚಿನ್ನದ ಗಣಿಗೆ ಹೋಗಿ ಗೆದ್ದಲು ಹಿಡಿದ ಪುಸ್ತಕ ಹೊತ್ತು ಬಂದ ಪುಣ್ಯಾತ್ಮರು! ಅದರಲ್ಲಿದ್ದದ್ದು ಆ ಚೀನಾದ ನಾಯಕರ ಕತೆ, ಅವರು ಓದಿದ್ದು ವೈದ್ಯಕೀಯ. ಆದ್ದರಿಂದ ಚಿಕ್ಕಪ್ಪನ ಬಾಯಲ್ಲಿ ಅವರು ‘ಚೀನಾ ಡಾಕ್ಟ್ರು’. ರಾಜನ ಆಳ್ವಿಕೆ ಕಿತ್ತೊಗೆಯಲು ಡಾಕ್ಟ್ರು ದಂಗೆ ಎಬ್ಬಿಸಿ ಸೋತರು. ಜಪಾನಿಗೆ ಓಡಿದರು. ಅಲ್ಲಿ ಗೆಳೆಯರನ್ನು ಹುಡುಕಿಕೊಂಡರು. ಮತ್ತೆ ದಂಗೆ, ಮತ್ತೆ ಸೋಲು. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಚಿಕ್ಕಪ್ಪ ಈ ಕತೆ ಶುರು ಮಾಡಿದರೆ, ಸೀಟು ಸಿಕ್ಕವರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಕತೆ ಕತೆಯಾಗಿ ಉಳಿದಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಅದು ಮನೆಯೊಳಕ್ಕೇ ಬಂತು.

ಅವರ ಮಗಳು ಶೈಲ ಬಂಗಾರಪೇಟೆಯ ಕಾಲೇಜಿಗೆ ನಡೆದೇ ಹೋಗುತ್ತಿದ್ದಳು. ನಮ್ಮೂರಿಗೆ ಬಸ್ಸಿಲ್ಲ. ದಾರಿಯುದ್ದಕ್ಕೂ ನೀಲಗಿರಿ ತೋಪು, ಕೂಗಿದರೆ ಓ ಎನ್ನುವವರಿಲ್ಲ. ಒಂದು ಸಂಜೆ ಯಾರೋ ಇಬ್ಬರು ಬೈಕಿನಲ್ಲಿ ಅವಳ ಹಿಂದೆಯೇ ಬಂದರು. ಏನೂ ಆಗಲಿಲ್ಲ, ಆದರೆ ಮಾರನೆಯ ದಿನ ಚಿಕ್ಕಪ್ಪನೇ ಅವಳ ಕಾಲೇಜು ಬಿಡಿಸಿದರು. ಹೌದು, ಊರಿಗೆಲ್ಲ ಕ್ರಾಂತಿ ಬೋಧಿಸುವ ಇದೇ ಚಿಕ್ಕಪ್ಪ! ಚಿಕ್ಕಮ್ಮ ಕುಪ್ಪಂ ಕಡೆಯ ಗಂಡೊಂದನ್ನು ನೋಡಿಯೇ ಬಿಟ್ಟರು. ಮುಂದಿನ ವರ್ಷದ ಕಾಲೇಜು ಶುರುವಾಗುವುದರೊಳಗೆ ಬಸ್ಸು ಬಂದರೆ ಓದು, ಇಲ್ಲದಿದ್ದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಶೈಲ ಅಳಲೂ ಇಲ್ಲ, ಅಪ್ಪನ ಹತ್ತಿರ ಮಾತಾಡಲೂ ಇಲ್ಲ.

ಚಿಕ್ಕಪ್ಪ ಅರ್ಜಿ ಹಿಡಿದು ಬಸ್ ಡಿಪೋಗೆ ಅಲೆಯತೊಡಗಿದರು. ಸುಮ್ಮನೆ ಬಸ್ಸು ಕೇಳುತ್ತಾರೆಯೇ? ಚೀನಾದಿಂದ ಶುರು ಮಾಡಿದರು. ಡಿಪೋದ ಸಾಹೇಬರು ಅರ್ಧ ಗಂಟೆ ಕೇಳಿ, “ಯಜಮಾನ್ರೇ, ಬಸ್ಸು ಬಿಡಬೇಕಾದ್ದು ನಿಮ್ಮೂರಿಗೋ ಚೀನಾಕ್ಕೋ?” ಎಂದರಂತೆ. ಕೊನೆಗೆ ಸಾಹೇಬರೇ ನಿಜ ಹೇಳಿದರು. ನಮ್ಮೊಂದು ಊರಿಗೆಂದು ಬಸ್ಸು ಬಿಡಲಾಗದು. ಕೆರೆಯಾಚೆಯ ಊರೂ ಸೇರಿ ಎರಡೂ ಊರಿನವರು ಸಹಿ ಹಾಕಿ ಕೇಳಿದರೆ ನೋಡಬಹುದು.

ಕೆರೆಯಾಚೆಯ ಊರೇ? ಆಯಿತು ಕತೆ! ಕೆರೆ ತೂಬಿನ ಜಗಳದಲ್ಲಿ ಎರಡೂ ಊರು ಒಂದರ ನೀರನ್ನು ಇನ್ನೊಂದು ಮುಟ್ಟುವುದು ಬಿಟ್ಟು ಒಂದು ತಲೆಮಾರಾಗಿತ್ತು. ಸಾವಿಗೆ ಮಾತ್ರ ಹಗೆಯಿಲ್ಲ. ಹೆಣದ ಮುಂದೆ ಬಂದು ಹೂವಿಟ್ಟು, ಮಾತಾಡದೆ ಹೋಗುವುದು ಪದ್ಧತಿ. ಆದರೆ ಚಿಕ್ಕಪ್ಪನಿಗೆ ಸಂತೋಷವೋ ಸಂತೋಷ. ಸಹಾಯ ಕೇಳಲು ಅವರಿಗೂ ಒಂದು ಜಪಾನು ಸಿಕ್ಕಿತಲ್ಲ!

ಜಪಾನಿಗೆ ಹೋದ ಡಾಕ್ಟ್ರು ಮೊದಲು ಮಾಡಿದ್ದು, ರಾಜನ ಅಪ್ಪಣೆಯಂತೆ ಚೀನಾದ ಗಂಡಸರೆಲ್ಲ ಬಿಡಬೇಕಿದ್ದ ಜಡೆಯನ್ನು ಕತ್ತರಿಸಿದ್ದಂತೆ. ನಮ್ಮ ಚಿಕ್ಕಪ್ಪನಿಗೆ ಜಡೆಯೆಲ್ಲಿಂದ ಬರಬೇಕು? ಕತ್ತರಿಸಲು ಇದ್ದದ್ದು ಮೀಸೆಯೊಂದೇ. ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಕನ್ನಡಿ ಇಟ್ಟುಕೊಂಡು ಪೊಗದಸ್ತಾದ ಮೀಸೆಯನ್ನು ನುಣ್ಣಗೆ ಬೋಳಿಸಿಬಿಟ್ಟರು. ನಾನು ಉರಿಗಾಂನಿಂದ ರಜೆಗೆಂದು ಆಗಷ್ಟೇ ಬಂದಿದ್ದೆ. ಚಿಕ್ಕಮ್ಮ ನೋಡಿ ಎದೆ ಹಿಡಿದುಕೊಂಡರು. ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ಹೆತ್ತ ಅಪ್ಪ ಹೋದಾಗ ಮಾತ್ರ. ಆ ಅಪ್ಪ, ಅಂದರೆ ನಮ್ಮ ತಾತ, ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಮಗನ ಮುಖವನ್ನು ಮೇಲಿಂದ ಕೆಳಕ್ಕೆ ನೋಡಿ, “ನಾನಿನ್ನೂ ಇದ್ದೀನಿ ಕಣ್ಲಾ,” ಎಂದರು.

ಚಿಕ್ಕಪ್ಪ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಸೈಕಲ್ ಹತ್ತಿದರು. ಗಂಟೆಯೊಳಗೆ ಬೀಗುತ್ತಾ ವಾಪಸಾದರು. ಆ ಊರಿನ ಯಜಮಾನರು ತಾವೇ ಎದ್ದು ಬಂದು ಕೈ ಹಿಡಿದು ಕೂರಿಸಿದರಂತೆ. ನೀರು ಕೊಟ್ಟರಂತೆ. ಇವರು ಬಾಯಿ ತೆರೆಯುವ ಮೊದಲೇ, “ನೀನೇನೂ ಏಳ್ಬ್ಯಾಡಪ್ಪ, ನೀನು ಓಗಿರು, ನಾವೆಲ್ಲಾ ಬತ್ತೀವಿ,” ಎಂದರಂತೆ. ಜಪಾನು ಒಪ್ಪಿತು ಎಂದು ಚಿಕ್ಕಪ್ಪ ಬೀದಿಗೆಲ್ಲ ಸಾರಿದರು.

ಮಧ್ಯಾಹ್ನ ಜಪಾನು ಬಂತು. ಕೆರೆ ಏರಿ ಮೇಲೆ ಸಾಲಾಗಿ ಬಂತು. ಮುಂದೆ ಯಜಮಾನರು, ಅವರ ಕೈಯಲ್ಲಿ ಮೊಣಕಾಲುದ್ದದ ಚೆಂಡುಹೂವಿನ ಹಾರ! ಮೀಸೆಯಿಲ್ಲದ ಮುಖ ಕಂಡು ತಾತ ಹೋದರೆಂದೇ ಅವರು ತಿಳಿದಿದ್ದರು. ತಾತ ಜಗುಲಿಯಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಯಾರ್ ಓದ್ರಪ್ಪಾ?” ಎಂದು ಕೇಳಿದರು.

ಯಜಮಾನರ ಕಾಲು ಅಲ್ಲೇ ಹೂತುಹೋಯಿತು. ಹಿಂದಿದ್ದವರ ಮುಖ ಕೆಂಪಗಾಯಿತು. ತಮಾಷೆ ಮಾಡಲು ಕರೆಸಿದಿರಾ ಎಂದು ಒಬ್ಬ ಗುರುಗುಟ್ಟಿದ. ಬಸ್ಸು ಹೋಯಿತು, ಶೈಲಳ ಓದು ಹೋಯಿತು, ಇನ್ನು ದೊಣ್ಣೆಗಳು ಬರುವುದೊಂದೇ ಬಾಕಿ ಎಂದುಕೊಂಡೆ. ಚಿಕ್ಕಪ್ಪನ ಬಾಯಲ್ಲಿ ಚೀನಾವೂ ಇಲ್ಲ, ಜಪಾನೂ ಇಲ್ಲ.

ತಾತ ಹಾರ ನೋಡಿದರು, ಮಗನ ಬೋಳು ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. “ತಂದಿದ್ನ ವಾಪಸ್ ತಗಂಡು ಓಗ್ಬ್ಯಾಡ್ರಪ್ಪ, ಆಕ್ರಿ,” ಎಂದು ಕತ್ತು ಬಗ್ಗಿಸಿದರು. “ಸತ್ತ ಮ್ಯಾಲೆ ನೀವು ಬಂದಿದ್ರೆ ನಂಗೆಂಗೆ ಗೊತ್ತಾಗ್ತಿತ್ತು? ಇವಾಗ್ಲೇ ಬಂದ್ರಿ, ಒಳ್ಳೇದಾಯ್ತು.”

ಯಜಮಾನರು ಮುಂದೆ ಬಂದು ಹಾರ ಹಾಕಿ ತಾತನ ಪಕ್ಕದಲ್ಲೇ ಕೂತರು. ಚಿಕ್ಕಮ್ಮ ಹೆದರುತ್ತಲೇ ತಂದ ನೀರನ್ನು ಕುಡಿದರು. ಆಗ ಚಿಕ್ಕಪ್ಪ, ಜೀವನದಲ್ಲಿ ಮೊದಲ ಸಲ, ಒಂದೇ ವಾಕ್ಯದಲ್ಲಿ ಮಾತು ಮುಗಿಸಿದರು. ದಾರಿಗೆ ಹೆದರಿ ಮಗಳ ಓದು ನಿಲ್ಲಿಸಿದ್ದೇನೆ, ಬಸ್ಸಿಗೆ ನಿಮ್ಮ ಸಹಿ ಬೇಕು ಎಂದರು. ಯಜಮಾನರು ತಲೆ ತಗ್ಗಿಸಿ, ತಮ್ಮ ಮೊಮ್ಮಗಳೂ ಮನೆಯಲ್ಲೇ ಕೂತಿದ್ದಾಳೆ ಎಂದರು. ಮೊದಲ ಸಹಿ ಅವರದೇ.

ಕಾಲೇಜು ಶುರುವಾಗುವ ವಾರವೇ ಬಸ್ಸು ಬಂತು. ಮೊದಲ ದಿನ ಶೈಲಳ ಜೊತೆ ನಾನೂ ಹತ್ತಿದೆ. ಚಿಕ್ಕಪ್ಪ ಭಾಷಣಕ್ಕೆ ಕಾಗದ ಬರೆದುಕೊಂಡು ಬಂದಿದ್ದರು. ಆದರೆ ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ. ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡರು.

“ನಾನೇ ನಿನ್ನ ಓದು ಬಿಡಿಸ್ದೋನು ಕಣವ್ವ,” ಎಂದರು. “ಮನಸ್ಸಲ್ಲಿ ಇಟ್ಕಬ್ಯಾಡ.”

ಅಷ್ಟು ತಿಂಗಳ ಮೇಲೆ ಶೈಲ ಅಪ್ಪನನ್ನು ನೇರವಾಗಿ ನೋಡಿದಳು. ಸರಳಿನ ಮೇಲಿದ್ದ ಕೈಯ ಮೇಲೆ ತನ್ನ ಕೈಯಿಟ್ಟು, “ಸಂಜೆ ಬಸ್ಸಿಗೆ ಬಂದು ನಿಂತ್ಕೊಂಡಿರಪ್ಪ,” ಎಂದಳು.

ನನ್ನ ಚಿಕ್ಕಪ್ಪ ಇವರು ಎಂದು ಇಡೀ ಬಸ್ಸಿಗೆ ಕೂಗಿ ಹೇಳಬೇಕೆನ್ನಿಸಿತು. ಸಂಜೆ ಐದೂವರೆಯ ಬಸ್ಸಿಗೆ ಅವರು ಮಧ್ಯಾಹ್ನವೇ, ಊಟವನ್ನೂ ಮಾಡದೆ ಬಂದು ನಿಂತಿದ್ದರಂತೆ.