ಹೊಟ್ಟೆ ಮೂಗಿನಿಂದ ಮಾತಾಡಿತು

"ಇಷ್ಟು ದಿನ ನಾನು ಹೊಟ್ಟೆಯ ಮಾತು ಕೇಳಿದೆ. ಇನ್ನು ಮೇಲೆ ಹೊಟ್ಟೆ ನನ್ನ ಮಾತು ಕೇಳುತ್ತೆ!"

ಬೆನ್ನ ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿ ತೊಟ್ಟು, ಆಸ್ಪತ್ರೆಯ ಮಂಚದ ಮೇಲೆ ಕೂತು, ಬಲಗೈ ಮೇಲೆತ್ತಿ ವಾರ್ತೆಯವರು ಹೀಗೆ ಘೋಷಿಸಿದರು. ಈ ಭೀಷಣ ಪ್ರತಿಜ್ಞೆಗೆ ಸಾಕ್ಷಿಯಾಗಿದ್ದವರು ಇಬ್ಬರೇ: ಅವರ ಹೆಂಡತಿ ಮತ್ತು ಆಸ್ಪತ್ರೆಯ ಆಹಾರತಜ್ಞೆ. ಹೆಂಡತಿ ಎದ್ದು ಬಂದು ಅವರ ಬೆನ್ನ ಹಿಂದೆ ಬಿಚ್ಚಿಕೊಂಡಿದ್ದ ದಾರ ಕಟ್ಟಿದಳು. ಪ್ರತಿಜ್ಞೆಗೆ ಮರ್ಯಾದೆ ಬೇಡವೇ?

ವಾರ್ತೆಯವರು ರೇಡಿಯೋದಲ್ಲಿ ವಾರ್ತೆ ಓದುವವರು. ಅವರಿಗೆ ಬೇರೊಂದು ಹೆಸರಿದೆ ಎಂಬುದನ್ನು ಬೀದಿಯವರು ಎಂದೋ ಮರೆತಿದ್ದರು. ಅದೆಂಥ ಕಂಠ! ಮನೆಯಲ್ಲಿ "ಸೋಪು ಮುಗಿದಿದೆ" ಎಂದರೂ ಯಾರೋ ಮಹನೀಯರು ತೀರಿಕೊಂಡರೇನೋ ಎಂದು ಪಕ್ಕದ ಮನೆಯವರು ಎದ್ದು ನಿಲ್ಲಬೇಕು. ಕಂಠಕ್ಕೆ ತಕ್ಕ ಗಾತ್ರವೂ ಇತ್ತು. ತೊಂದರೆ ಏನೆಂದರೆ, ಸ್ಟುಡಿಯೋ ಇರುವುದು ಮೂರನೇ ಮಹಡಿಯಲ್ಲಿ, ಅಲ್ಲಿಯ ಲಿಫ್ಟಿಗೆ ಕೆಡುವುದೇ ಕಸುಬು. ಮೆಟ್ಟಿಲು ಹತ್ತಿ ಮೈಕಿನ ಮುಂದೆ ಕೂತರೆ ಮೊದಲ ಎರಡು ಸುದ್ದಿಯಲ್ಲಿ ಪದಕ್ಕಿಂತ ಉಸಿರೇ ಹೆಚ್ಚು. ಸಕ್ಕರೆ ಕಾಯಿಲೆಯೂ ಬಂದು ಜೊತೆಗೂಡಿದ ಮೇಲೆ ವೈದ್ಯರು, "ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡಿಸ್ಕೊಳ್ಳಿ," ಎಂದಿದ್ದರು.

ಆಹಾರತಜ್ಞೆ ನಿಧಾನವಾಗಿ ವಿವರಿಸಿದಳು. "ನಿಮ್ಮ ಹೊಟ್ಟೆ ಇನ್ನು ಒಂದು ಬಾಳೆಹಣ್ಣಿನಷ್ಟು ಇರುತ್ತೆ ಅಂದ್ಕೊಳ್ಳಿ. ಮೊದಲು ಬರೀ ತಿಳಿ ನೀರು, ತಿಳಿ ಸೂಪು. ಆಮೇಲೆ ಗಟ್ಟಿ ದ್ರವ, ಆಮೇಲೆ ಕಿವುಚಿದ್ದು, ಆಮೇಲೆ ಮೆತ್ತಗಿರೋದು. ಗುಟುಕು ಗುಟುಕಾಗಿ ಕುಡೀಬೇಕು. ಊಟದ ಜೊತೆ ನೀರು ಬೇಡ. ನುಣ್ಣಗಾಗೋವರೆಗೂ ಅಗೀಬೇಕು. ವಿಟಮಿನ್ ಮಾತ್ರೆ ಜೀವನಪೂರ್ತಿ. ಇನ್ನೊಂದು ವಿಷಯ, ತುಂಬಿದಾಗ ಹೊಟ್ಟೆ ಒಂದು ಸೂಚನೆ ಕೊಡುತ್ತೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುತ್ತೆ, ಕೆಲವರಿಗೆ ಸೀನು. ಅದು ಬಂದ ತಕ್ಷಣ ಚಮಚ ಕೆಳಗಿಡಬೇಕು."

"ಸೂಚನೆ ಎಲ್ಲ ಸಾಮಾನ್ಯ ಜನರಿಗೆ, ಮೇಡಂ. ನನ್ನ ಹೊಟ್ಟೆಗೆ ಆಜ್ಞೆ ಕೊಡೋನು ನಾನು!"

"ಆಗಲಿ," ಎಂದಳು ಆಹಾರತಜ್ಞೆ. ಇಂಥ ದಂಡನಾಯಕರನ್ನು ಅವಳು ಬಹಳ ನೋಡಿದ್ದಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಎಚ್ಚರವಾದಾಗ ವಾರ್ತೆಯವರ ಮೊದಲ ಮಾತು, "ಭುಜ! ಅಯ್ಯೋ, ಭುಜ!"

"ಹೊಟ್ಟೆ ಕೊಯ್ದಿದ್ದು, ಭುಜ ಯಾಕೆ ಹಿಡ್ಕೊಂಡಿದೀರಾ? ಏನು ಕುಂಬಳಕಾಯಿ ಕದ್ದಿದ್ರಾ?" ಎಂದಳು ಹೆಂಡತಿ. ತಮಾಷೆ ಮಾಡಿದಳು, ನಿಜ. ಆದರೆ ಅಷ್ಟು ಹೊತ್ತು ಹೊರಗಿನ ಬೆಂಚಿನಲ್ಲಿ ಅವರ ಅಂಗಿಯನ್ನು ಮುದ್ದೆಮಾಡಿ ಎದೆಗೆ ಅವಚಿ ಕೂತಿದ್ದವಳು ಅವಳೇ. ಆ ಅಂಗಿಗೆ ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಸುಕ್ಕು ಹೋಗಲಿಲ್ಲ.

ಆಪರೇಷನ್ ವೇಳೆ ಹೊಟ್ಟೆಯೊಳಗೆ ತುಂಬಿಸಿದ್ದ ಗಾಳಿ ಭುಜಕ್ಕೆ ಬಂದು ಕಾಡುತ್ತದಂತೆ, ಅದಕ್ಕೆ ಮದ್ದು ನಡಿಗೆಯಂತೆ. ವಾರ್ತೆಯವರು ಒಂದು ಕೈಯಲ್ಲಿ ಸಲೈನ್ ಕಂಬ, ಇನ್ನೊಂದು ಕೈಯಲ್ಲಿ ನಿಲುವಂಗಿಯ ಹಿಂಭಾಗ ಹಿಡಿದು ಆಸ್ಪತ್ರೆಯ ಓಣಿಯಲ್ಲಿ ದಿಗ್ವಿಜಯ ಹೊರಟರು. ಭುಜ ನೋಯುವಾಗ ಅಭ್ಯಾಸಬಲದಿಂದ ಆ ಹಿಂದಿನ ಕೈಯನ್ನೇ ಎತ್ತಿ ಭುಜ ಹಿಡಿದುಕೊಳ್ಳುತ್ತಿದ್ದರು. ಹಿಂದೆ ಬರುತ್ತಿದ್ದ ನರ್ಸುಗಳಿಗೆ ವಾರ್ತೆಯ ಮುಖ್ಯಾಂಶಗಳು ಧಾರಾಳವಾಗಿ ಸಿಕ್ಕವು.

ಮನೆಗೆ ಬಂದರೆ ಅಮ್ಮನ ಕಣ್ಣೀರು. ಔಷಧಿ ಅಳೆಯುವ ಪುಟ್ಟ ಲೋಟದಲ್ಲಿ ಸೊಸೆ ಸೂಪು ತಂದಿಟ್ಟದ್ದು ನೋಡಿ ಆ ತಾಯಿಯ ಕರುಳು ಕಿತ್ತು ಬಂತು.

"ಏನಮ್ಮಾ ಇದು? ಗುಬ್ಬಚ್ಚಿಗೂ ಇದಕ್ಕಿಂತ ಜಾಸ್ತಿ ಹಾಕ್ತೀವಿ!"

"ಗುಬ್ಬಚ್ಚಿ ಆಪರೇಷನ್ ಮಾಡಿಸ್ಕೊಂಡಿಲ್ಲ ಅತ್ತೆ."

ಆದರೂ ಪ್ರತಿಜ್ಞೆ ನಿಂತಿತು. ವಾರ್ತೆಯವರು ಗುಟುಕು ಗುಟುಕಾಗಿ ಕುಡಿದರು, ನಡೆದರು, ಇಳಿದರು. ಹೆಂಡತಿ ದರ್ಜಿ, ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ, ಪಕ್ಕದಲ್ಲಿ ಸದಾ ಹಾಡುವ ರೇಡಿಯೋ. ವಾರಕ್ಕೊಮ್ಮೆ ಗಂಡನನ್ನು ಎದುರಿಗೆ ನಿಲ್ಲಿಸಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಪ್ಯಾಂಟಿನ ಸೊಂಟ ಕಿರಿದು ಮಾಡುತ್ತಿದ್ದಳು. ಉಳಿದ ಬಟ್ಟೆಯಲ್ಲಿ ದಿಂಬಿನ ಚೀಲ ಹೊಲಿದಳು. ಗಂಡ ಕರಗಿದಷ್ಟೂ ಮನೆಯಲ್ಲಿ ದಿಂಬು ಹೆಚ್ಚಾದವು.

ಕಿವುಚಿದ ಆಹಾರದ ಘಟ್ಟ ಬಂದಾಗ ಕಥೆ ತಿರುಗಿತು. ಆಲೂಗಡ್ಡೆ. ಮೂರು ಚಮಚ ಇಳಿಯಿತು. ನಾಲ್ಕನೆಯದು ಬಾಯಿಗೆ ಹೋಗಿದ್ದೇ ತಡ—

"ಆಕ್ಷೀ!"

"ಹೊಟ್ಟೆ ತುಂಬ್ತು. ಚಮಚ ಇಡಿ," ಎಂದಳು ಹೆಂಡತಿ, ಪಿನ್ನುಗಳ ನಡುವಿನಿಂದ.

"ಏಯ್, ಇದು ಧೂಳು ಕಣೇ! ಆ ಜಮಖಾನೆ ನೋಡು, ಯಾವ ಕಾಲದ್ದೋ!"

ತಪ್ಪು ಒಪ್ಪಿಕೊಂಡು ಚಮಚ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೊಟ್ಟೆಗೆ ಆಜ್ಞೆ ಕೊಡುವವರು ಅದರ ಸೂಚನೆ ಪಾಲಿಸುವುದು ಹೇಗೆ? ಹೆಂಡತಿ ಮರುಮಾತಾಡದೆ ಜಮಖಾನೆ ಸುತ್ತಿ ಮಾಳಿಗೆಗೆ ಹಾಕಿದಳು. ಮರುದಿನ ಮೊಟ್ಟೆ, ಮತ್ತೆ ಸೀನು. "ಪರದೆ!" ಎಂದರು. ಪರದೆಗಳು ಇಳಿದವು. ಅದರ ಮರುದಿನ "ದಿಂಬು!" ಎಂದರು. ಅವರದೇ ಪ್ಯಾಂಟಿನಿಂದ ಹುಟ್ಟಿದ ದಿಂಬುಗಳೆಲ್ಲ ಗಂಟು ಕಟ್ಟಿ ಹೊರಬಿದ್ದವು. ಆಮೇಲೆ ಅಮ್ಮನ ಬೆಕ್ಕಿನ ಮೇಲೆ ಆರೋಪ ಬಂತು.

"ನನ್ನ ಬೆಕ್ಕು ಈ ಮನೇಲಿ ಎಷ್ಟೋ ವರ್ಷದಿಂದ ಇದೆ ಕಣೋ. ನಿನ್ನ ಸೀನು ಮೊನ್ನೆ ಮೊನ್ನೆ ಬಂದಿದ್ದು. ಹೋಗೋದಾದ್ರೆ ಸೀನೇ ಹೋಗ್ಲಿ!" ಎಂದು ಅಮ್ಮ ಬೆಕ್ಕನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಸಂಜೆಯವರೆಗೂ ಬರಲಿಲ್ಲ. ಕೊನೆಗೆ ಬಟ್ಟೆಯ ಚೂರುಪಾರಿನ ನೆಪದಲ್ಲಿ ಹೊಲಿಗೆ ಯಂತ್ರಕ್ಕೇ ಗಡೀಪಾರಾಯಿತು. ಹೆಂಡತಿ ಬಾಲ್ಕನಿಯಲ್ಲಿ ಬಿಸಿಲಿಗೆ ಕೊಡೆ ಕಟ್ಟಿಕೊಂಡು ಹೊಲಿಯತೊಡಗಿದಳು. ಈಗ ಕೋಣೆಯಲ್ಲಿ ಉಳಿದದ್ದು ಒಂದು ಕುರ್ಚಿ, ಒಂದು ತಟ್ಟೆ, ಒಬ್ಬ ವಾರ್ತೆಯವರು.

"ಆಕ್ಷೀ!"

ಬಾಲ್ಕನಿಯಿಂದ ಧ್ವನಿ ಬಂತು. "ಈಗ ಯಾರನ್ನ ಹೊರಗೆ ಹಾಕೋಣ ರೀ?"

ವಾರ್ತೆಯವರು ಬಗ್ಗಿ ಕುರ್ಚಿಯ ಕೆಳಗೆ ಧೂಳು ಹುಡುಕಿದರು. ವಾರ್ತೆಯವರಲ್ಲವೇ, ಖಚಿತವಾಗದ ಸುದ್ದಿಯನ್ನು ಓದುವುದಿಲ್ಲ.

ಹೀಗಿರುವಾಗ ರೇಡಿಯೋ ಕೇಂದ್ರದ ಮುಖ್ಯಸ್ಥೆ ಅವರನ್ನು ಕರೆದರು. "ಜನ ನಿಮ್ಮನ್ನ ನೋಡಿ ಬೆರಗಾಗಿದ್ದಾರೆ. ಆಪರೇಷನ್‌ಗೆ ಮುಂಚೆ ಏನು, ಆಮೇಲೆ ಏನು ಅಂತ ನೀವೇ ನೇರಪ್ರಸಾರದಲ್ಲಿ ಹೇಳಿ. ಕೇಳುಗರು ಫೋನ್ ಮಾಡ್ತಾರೆ. ಚೆನ್ನಾಗಿ ಬಂದ್ರೆ ಪ್ರತಿ ವಾರ ನಿಮ್ಮದೇ ಕಾರ್ಯಕ್ರಮ. ಇಲ್ಲಾಂದ್ರೆ ಆ ಸಮಯ ಕೈತೋಟದ ಕಾರ್ಯಕ್ರಮದವರಿಗೆ ಕೊಡ್ತೀನಿ."

ಇಷ್ಟು ವರ್ಷ ವಾರ್ತೆಯವರು ಓದಿದ್ದೆಲ್ಲ ಬೇರೆಯವರು ಬರೆದುಕೊಟ್ಟದ್ದು. ತಮ್ಮದೇ ಎನ್ನುವ ಒಂದು ವಾಕ್ಯವನ್ನೂ ಆ ಮೈಕಿಗೆ ಅವರು ಹೇಳಿರಲಿಲ್ಲ. ಸ್ವಂತ ಕಾರ್ಯಕ್ರಮ ಅವರ ಬಹಳ ಹಳೆಯ ಆಸೆ, ಹೆಂಡತಿಗೆ ಬಿಟ್ಟು ಬೇರೆಯವರಿಗೆ ಹೇಳಿಕೊಳ್ಳದ ಆಸೆ.

"ಒಂದೇ ಒಂದು ಮಾತು. ಕಾರ್ಯಕ್ರಮಕ್ಕೆ ಮುಂಚೆ ಏನೂ ತಿನ್ಬೇಡಿ," ಎಂದಳು ಹೆಂಡತಿ ಆ ಬೆಳಿಗ್ಗೆ, ಅಂಗಿಯ ಕಾಲರ್ ಸರಿಮಾಡುತ್ತ.

"ಸಂಯಮದ ಬಗ್ಗೆ ಮಾತಾಡೋಕೆ ಹೋಗ್ತಿರೋನಿಗೆ ಸಂಯಮ ಹೇಳ್ಕೊಡ್ತೀಯಾ?"

ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದರು. ಇದಂತೂ ಸುಳ್ಳಲ್ಲ, ನಿಜವಾಗಿ ಹತ್ತಿದರು! ಆದರೆ ಮೇಲೆ ಚಹಾದ ಕೋಣೆಯಲ್ಲಿ, ಹೊಸ ಕಾರ್ಯಕ್ರಮದ ಸಂತೋಷಕ್ಕೆಂದು ಮುಖ್ಯಸ್ಥೆ ತರಿಸಿದ್ದ ಕೇಕು ಕೂತಿತ್ತು. ಯಾರೋ ಒಂದು ತುಂಡು ಕತ್ತರಿಸಿಕೊಂಡು ಹೋಗಿದ್ದರು. ಹೋದವರು ಸೊಟ್ಟಗೆ ಕತ್ತರಿಸಿದ್ದರು. ದರ್ಜಿಯ ಗಂಡ ಸೊಟ್ಟ ಅಂಚನ್ನು ನೋಡಿಕೊಂಡು ಸುಮ್ಮನಿರುವುದೇ? ಚಾಕು ತೆಗೆದುಕೊಂಡು ಅಂಚು ನೇರ ಮಾಡಿದರು. ಬಿದ್ದ ಚೂರನ್ನು ಬಿಸಾಡಲು ಮನಸ್ಸು ಬರಲಿಲ್ಲ. ಈಗ ಆಚೆ ಬದಿ ಸೊಟ್ಟ ಕಂಡಿತು. ಅದನ್ನೂ ನೇರ ಮಾಡಿದರು. ಕೇಕು ನೇರವಾಗುತ್ತ ಬಂತು, ವಾರ್ತೆಯವರು ದಾರಿ ತಪ್ಪುತ್ತ ಹೋದರು. ಅಷ್ಟರಲ್ಲಿ ಕರೆ ಬಂತು.

ಸ್ಟುಡಿಯೋದಲ್ಲಿ ಎದುರಿಗೆ ಅತಿಥಿಯಾಗಿ ಅದೇ ಆಹಾರತಜ್ಞೆ. ಗಾಜಿನ ಆಚೆ ಧ್ವನಿ ತಂತ್ರಜ್ಞ. ಕೆಂಪು ದೀಪ ಹತ್ತಿತು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ!" ವಾರ್ತೆಯವರ ಕಂಠ ಊರಿನ ಮೇಲೆ ಗಂಭೀರವಾಗಿ ಹರಡಿತು. "ಕೇಳುಗರೇ, ಎರಡನ್ನೂ ಬಲ್ಲವನೊಬ್ಬ ಇಂದು ನಿಮ್ಮ ಮುಂದಿದ್ದಾನೆ."

ಆಹಾರತಜ್ಞೆ ಆಪರೇಷನ್ನಿನ ನಂತರದ ದಿನಗಳ ಬಗ್ಗೆ ಹೇಳಿದಳು. ಬಿಕ್ಕಳಿಕೆ, ಮೂಗು, ಸೀನಿನ ಸೂಚನೆಯ ಬಗ್ಗೆಯೂ ಹೇಳಿದಳು. ವಾರ್ತೆಯವರು ನಕ್ಕರು. "ನನ್ನ ವಿಷಯದಲ್ಲಿ ಸೂಚನೆಯ ಅಗತ್ಯವೇ ಬೀಳಲಿಲ್ಲ. ಸೂಚನೆಗೆ ಮುಂಚೆಯೇ ನಾನು ಆಕ್— ನಾನು ಆಕ್— ಆಕ್ಷೀ!"

ಊರಿನ ಅಷ್ಟೂ ರೇಡಿಯೋಗಳು ನಡುಗಿದವು.

"ಕ್ಷಮಿಸಿ. ಸ್ಟುಡಿಯೋದಲ್ಲಿ ಸ್ವಲ್ಪ ಧೂ— ಆಕ್ಷೀ! ಧೂಳು. ಆಕ್ಷೀ!"

ಗಾಜಿನ ಆಚೆ ತಂತ್ರಜ್ಞ ತಲೆ ತಗ್ಗಿಸಿದ. ಅವನ ಭುಜಗಳು ಮಾತ್ರ ಕುಣಿಯುತ್ತಿದ್ದವು. ಅಷ್ಟರಲ್ಲಿ ಫೋನಿನ ದೀಪ ಮಿನುಗಿತು. ಬಚಾವಾದೆ ಎಂದುಕೊಂಡು ವಾರ್ತೆಯವರು ಗುಂಡಿ ಒತ್ತಿದರು.

"ನಮಸ್ಕಾರ. ನಾನೊಬ್ಬ ದರ್ಜಿ," ಎಂದಿತು ಫೋನು. ಹಿನ್ನೆಲೆಯಲ್ಲಿ ಬಾಲ್ಕನಿಯ ಕೊಡೆ ಗಾಳಿಗೆ ಪಟಪಟ ಬಡಿಯುತ್ತಿತ್ತು. "ಆಹಾರತಜ್ಞೆ ಮೇಡಂಗೆ ಒಂದು ಪ್ರಶ್ನೆ. ನಮ್ಮನೇಲಿ ಒಬ್ರು ಆಪರೇಷನ್ ಮಾಡಿಸ್ಕೊಂಡಿದಾರೆ. ಒಂದು ಸೀನು ಅಂದ್ರೆ ಒಂದು ಚಮಚ ಹೆಚ್ಚು. ಎರಡು ಅಂದ್ರೆ ಅವರಮ್ಮ ಏನೋ ಕೊಟ್ಟಿದಾರೆ. ಇವತ್ತು ಮೂರು ಕೇಳಿಸ್ತು. ಮೂರಕ್ಕೆ ಏನು ಅರ್ಥ?"

ವಾರ್ತೆಯವರ ಕೈ ಮತ್ತೆ ಗುಂಡಿಯತ್ತ ಓಡಿತು. "ಕೇಳುಗರೇ, ಸಂಪರ್ಕ ಸರಿಯಾಗಿಲ್ಲ ಅನಿಸುತ್ತೆ..."

"ಸಂಪರ್ಕ ಸರಿಯಾಗೇ ಇದೆ ರೀ!"

ಆಯಿತು! ಆ ಒಂದು "ರೀ" ಸಾಕಾಯಿತು. ಫೋನು ಯಾರದು, ಮೂಗು ಯಾರದು ಎಂದು ಇಡೀ ಊರಿಗೆ ಗೊತ್ತಾಗಿಹೋಯಿತು.

"ಮೂರು ಅಂದ್ರೆ," ಎಂದಳು ಆಹಾರತಜ್ಞೆ ಶಾಂತವಾಗಿ, "ರೇಡಿಯೋದಲ್ಲಿ ನಿಮಗೆ ಕಾಣಿಸಲ್ಲ, ನಾನೇ ಹೇಳ್ತೀನಿ. ಮೀಸೆ ಮೇಲೆ ಕೆನೆ ಇದೆ."

ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ನೇರಪ್ರಸಾರ. ಓದಲು ಯಾರೂ ಏನೂ ಬರೆದುಕೊಟ್ಟಿರಲಿಲ್ಲ. ವಾರ್ತೆಯವರು ಮೀಸೆ ಒರೆಸಿಕೊಂಡರು.

"ಕೇಕು," ಎಂದರು. "ಅಂಚು ಸೊಟ್ಟಗಿತ್ತು."

ತಂತ್ರಜ್ಞ ಕುರ್ಚಿಯಿಂದ ಕೆಳಗಿಳಿದು ಕಾಣೆಯಾದ.

"ನಿಜ ಹೇಳ್ತೀನಿ," ಎಂದು ವಾರ್ತೆಯವರು ಮುಂದುವರಿಸಿದರು. ಅವರ ದನಿಯಲ್ಲಿ ಆಗ ಗಾಂಭೀರ್ಯ ಇರಲಿಲ್ಲ. "ಡಾಕ್ಟರು ಹೊಟ್ಟೆ ಚಿಕ್ಕದು ಮಾಡಿದ್ರು. ಆಸೆನ ಹಾಗೇ ಬಿಟ್ಟುಬಿಟ್ಟಿದಾರೆ. ಹಸಿವಿಲ್ಲ, ಆದ್ರೂ ಕೈ ಹೋಗುತ್ತೆ. ನಾಚಿಕೆಯಾಗುತ್ತೆ. ಅದಕ್ಕೇ ಜಮಖಾನೆ, ಪರದೆ, ಬೆಕ್ಕು, ಎಲ್ಲಾರ ಮೇಲೂ ಹಾಕ್ದೆ. ಬಡಪಾಯಿ ಬೆಕ್ಕು."

ಫೋನಿನಲ್ಲಿ ಹೆಂಡತಿ ಮೆಲ್ಲಗೆ ಅಂದಳು. "ಮುಂಚೆ ನೀವು ವಾರ್ತೆ ಓದೋವಾಗ ನಾನು ಸುದ್ದಿ ಕೇಳ್ತಿರ್ಲಿಲ್ಲ ರೀ. ನಿಮ್ಮ ಏದುಸಿರು ಕೇಳ್ತಾ ಮಿಷನ್ ನಿಲ್ಲಿಸಿ ಕೂತಿರ್ತಿದ್ದೆ. ಇವತ್ತು ಉಸಿರಿನ ಸದ್ದೇ ಇರ್ಲಿಲ್ಲ. ಸೀನಿದ್ರೆ ಸೀನಿ. ಸುಳ್ಳು ಹೇಳ್ಬೇಡಿ ಅಷ್ಟೇ."

ವಾರ್ತೆಯವರ ಕಣ್ಣು ತುಂಬಿ ಬಂತು. ಇದಂತೂ ಧೂಳಿನಿಂದ ಅಲ್ಲ ಎಂದು ಅವರೇ ಒಪ್ಪಿಕೊಂಡರು.

ಆಮೇಲೆ ಫೋನು ಒಂದೇ ಸಮನೆ ಬಡಿದುಕೊಂಡಿತು. ಒಬ್ಬರು ಅಲಮಾರಿಯಲ್ಲಿ ಬಿಸ್ಕತ್ತು ಬಚ್ಚಿಟ್ಟಿದ್ದನ್ನು ಒಪ್ಪಿಕೊಂಡರು. ಇನ್ನೊಬ್ಬರು ಆಪರೇಷನ್ನಿಗೆ ಹೆದರಿ ಮುಂದೂಡುತ್ತಿದ್ದವರು, ಭುಜದ ನೋವಿನ ಬಗ್ಗೆ ಕೇಳಿದರು. ವಾರ್ತೆಯವರು ನಿಲುವಂಗಿಯ ಕಥೆಯನ್ನೂ ಬಿಡದೆ ಹೇಳಿದರು. ದೀಪ ಆರಿದಾಗ ಬಾಗಿಲಲ್ಲಿ ಮುಖ್ಯಸ್ಥೆ ನಿಂತಿದ್ದರು. ಕೈತೋಟಕ್ಕೆ ದಾರಿ ಬಿಡಲು ವಾರ್ತೆಯವರು ಎದ್ದು ನಿಂತರು.

"ಕಾರ್ಯಕ್ರಮ ಪಕ್ಕಾ!" ಎಂದರು ಮುಖ್ಯಸ್ಥೆ. "ವಾರ ವಾರ! ವಿವರ ಎಲ್ಲಾ ನಿಮ್ಮ ಮನೆಗೆ ಫೋನ್ ಮಾಡಿ ಹೇಳ್ತೀನಿ."

ವಾರ್ತೆಯವರು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದರು. ಬಾಗಿಲಲ್ಲೇ ಅಮ್ಮ, ಕಂಕುಳಲ್ಲಿ ಬೆಕ್ಕು, ಕೈಯಲ್ಲಿ ಬೇಯಿಸಿ ಕಿವುಚಿದ ಸೇಬಿನ ಬಟ್ಟಲು. "ಎಂಥಾ ಮಾತಾಡ್ದೆ ಕಂದಾ! ಬಾಯಿ ತೆಗಿ," ಎಂದರು. ಸಂತೋಷದಲ್ಲಿ ಬಾಯಿ ತೆಗೆದರು. ಇನ್ನೊಮ್ಮೆಯೂ ತೆಗೆದರು. ಹೊಲಿಗೆ ಯಂತ್ರ ಮತ್ತೆ ಮುಂದಿನ ಕೋಣೆಗೆ ಬಂದಿತ್ತು. ಹೆಂಡತಿ ತಲೆ ಎತ್ತದೆ ಹೊಲಿಯುತ್ತಿದ್ದಳು.

"ಕೇಳಿದೆಯಾ? ವಾರ ವಾರ! ಕೊನೆಗೂ ನನ್ನದೇ ಕಾರ್ಯಕ್ರಮ!"

"ನಿಮ್ಮ ಮುಖ್ಯಸ್ಥೆ ಮೇಡಂ ಫೋನ್ ಮಾಡಿದ್ರು," ಎಂದಳು ಅವಳು ದಾರ ಕಚ್ಚಿ ಕತ್ತರಿಸಿ. "ನಡೆಸಿಕೊಡೋದು ನಾನಂತೆ. ನನ್ನ ಪ್ರಶ್ನೆ ಕೇಳೋ ರೀತಿ ಅವರಿಗೆ ಬಹಳ ಹಿಡಿಸ್ತಂತೆ."

"ನೀನಾ? ಮತ್ತೆ... ನಾನು?"

"ನೀವಿಲ್ದೆ ಆಗುತ್ತಾ? ನೀವು ಎದುರಿಗೆ ಕೂತ್ಕೋಬೇಕಂತೆ."

"ಕೂತ್ಕೊಂಡು?"

"ಸೀನ್ಬೇಕಂತೆ."

ವಾರ್ತೆಯವರು ನೆಟ್ಟಗೆ ನಿಂತರು. ಬಲಗೈ ಮೇಲೆತ್ತಿದರು. ಇಂಥ ಅಪಮಾನವನ್ನು ಒಪ್ಪುವ ಪ್ರಶ್ನೆಯೇ ಇಲ್ಲ ಎಂದು ತಮ್ಮ ಪ್ರಖ್ಯಾತ ಕಂಠದಲ್ಲಿ ಘೋಷಿಸಲು ಎದೆ ತುಂಬ ಉಸಿರೆಳೆದುಕೊಂಡರು.

"ಆಕ್ಷೀ! ಆಕ್ಷೀ!"

"ಎರಡು," ಎಂದಳು ಹೆಂಡತಿ. "ಅತ್ತೆ, ಆ ಬಟ್ಟಲು ಒಳಗಿಡಿ. ಇವರು ಒಪ್ಕೊಂಡ್ರು."