ಕೃತಜ್ಞತೆಯ ತಿರುಪು

“ಗಂಗಮ್ಮ, ಇನ್ಮೇಲೆ ಈ ವಾಚನಾಲಯಕ್ಕೆ ನಿನ್ನ ಅಗತ್ಯಾನೇ ಇಲ್ಲ ಕಣಮ್ಮ!” ಎಂದು ನಮ್ಮ ಭಾವ ಸಂಭ್ರಮದಿಂದ ಸಾರಿದರು.

ಹದಿನಾರು ವರ್ಷದಿಂದ ಊರಿನ ವಾಚನಾಲಯ ನೋಡಿಕೊಳ್ಳುತ್ತಿರುವ ನನಗೆ ಇಂಥ ಮಾತನ್ನು ನಗುನಗುತ್ತಾ ಹೇಳಬಲ್ಲವರು ನನ್ನ ಗಂಡನ ಅಣ್ಣ ತಿಪ್ಪೇರುದ್ರಯ್ಯನವರು ಮಾತ್ರ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಯಂತ್ರ ಕಂಡುಹಿಡಿಯುವ ಕೆಲಸ ಹಿಡಿದಿದ್ದಾರೆ. ಅವರ ಹಿಂದಿನ ದೋಸೆ ಮಗುಚುವ ಯಂತ್ರ ಎಸೆದ ದೋಸೆಯೊಂದು ಇವತ್ತಿಗೂ ನಮ್ಮ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ.

ಈ ಸಲದ್ದು ‘ಜನೋಪಕಾರಿ’. ಅರ್ಧ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಎದುರಿಗೆ ಮಾತಾಡಲು ಒಂದು ತೂತು, ನೆತ್ತಿಯ ಮೇಲೆ ಧ್ವನಿವರ್ಧಕ. ಊರಿನವರು ತಮಗೆ ಗೊತ್ತಿರುವುದನ್ನು ಆ ತೂತಿನೊಳಗೆ ಹೇಳಬೇಕು. ಅದು ಮಾಹಿತಿ ದಾನ. ಆಮೇಲೆ ಯಾರು ಏನು ಕೇಳಿದರೂ ಪೆಟ್ಟಿಗೆ ಎಲ್ಲವನ್ನೂ ಜೋಡಿಸಿ, ತಾನೇ ಯೋಚಿಸಿ ಉತ್ತರ ಹೇಳುತ್ತದೆ.

ಇದಕ್ಕೆ ದುಡ್ಡು ಕೊಟ್ಟವರು ಕಾಫಿಪುಡಿ ಗಿರಣಿಯ ವಿರೂಪಾಕ್ಷಪ್ಪನವರು. ನಾನು ಅವರ ಹತ್ತಿರ ಕೇಳಿದ್ದು ಹೆಂಚು! ವಾಚನಾಲಯದ ಸೂರು ಸೋರುತ್ತದೆ. ಮಳೆ ಬಂದರೆ ನಾನು ಪುಸ್ತಕ ಕೊಡುವುದು ಬಿಟ್ಟು ಬಕೆಟ್ ಇಡುತ್ತಾ ಓಡಾಡಬೇಕು. ಹೋದ ವರ್ಷ ನಿಘಂಟಿನ ಮೂರು ಸಂಪುಟಗಳು ನೆಂದು, ಉಬ್ಬಿ, ಒಂದಕ್ಕೊಂದು ಅಂಟಿಹೋದವು. ನೆನಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

“ಹೆಂಚಾ?” ಎಂದಿದ್ದರು ಅವರು. “ಹೆಂಚಿನ ಮೇಲೆ ಹೆಸರು ಬರೆಸಿದ್ರೆ ಕಾಗೆ ಬಂದು ಓದುತ್ತಾ? ಇದು ಮಾಹಿತಿ ತಂತ್ರಜ್ಞಾನದ ಕಾಲ ಕಣಮ್ಮ! ಮೊದಲು ಯಂತ್ರ ಆಗ್ಲಿ. ಉದ್ಘಾಟನೆ ಚೆನ್ನಾಗಾದ್ರೆ ಹೆಂಚಿನ ವಿಚಾರ ನೋಡೋಣ.”

ಹೆಸರೆಂದರೆ ಅವರಿಗೆ ಅಷ್ಟು ಪ್ರಾಣ. ಅವರು ಕೊಟ್ಟ ಟ್ಯೂಬ್‌ಲೈಟಿನ ಮೇಲೆ ತಮ್ಮ ಹೆಸರು, ತಂದೆಯ ಹೆಸರು, ಗಿರಣಿಯ ವಿಳಾಸ ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆಸಿದ್ದರಿಂದ, ಬೆಳಕು ಅಕ್ಷರಗಳ ಸಂದಿಯಲ್ಲಿ ನುಸುಳಿಕೊಂಡು ಬರಬೇಕು. ಯಂತ್ರಕ್ಕೂ ಅವರದು ಒಂದೇ ಷರತ್ತು: ಕೊಟ್ಟವರ ಹೆಸರನ್ನು ಅದು ಎಂದೂ ಮರೆಯಬಾರದು.

“ಅದಕ್ಕೇ ಕೃತಜ್ಞತೆಯ ತಿರುಪು ಇಟ್ಟಿದೀನಿ!” ಎಂದು ಭಾವ ಪೆಟ್ಟಿಗೆಯ ಬೆನ್ನಿಗಿದ್ದ ತಿರುಪನ್ನು ಕೊನೆಯವರೆಗೂ ತಿರುಗಿಸಿದರು.

ಉದ್ಘಾಟನೆಗೆ ಮುಂಚೆ ಪರೀಕ್ಷೆ ಆಗಬೇಕಲ್ಲ; ಮಾಹಿತಿ ದಾನ ಒಂದಷ್ಟು ಆದ ಮೇಲೆ ಪ್ರಶ್ನೆ ಕೇಳಲು ಮೊದಲು ಬಂದವಳು ಹೂ ಮಾರುವ ಲಲಿತಮ್ಮ. “ಚಳ್ಳಕೆರೆ ಬಸ್ಸು ಎಷ್ಟೊತ್ತಿಗಪ್ಪಾ?” ಎಂದು ತೂತಿಗೆ ಬಾಯಿಟ್ಟು ಕೇಳಿದಳು.

ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು. “ಈ ಯಂತ್ರದ ದಾನಿ ಶ್ರೀ ವಿರೂಪಾಕ್ಷಪ್ಪನವರಿಗೆ ವಂದನೆ. ಸಮಯ ತಿಳಿಸಿದ ಕಂಡಕ್ಟರ್ ಓಬಳೇಶರಿಗೆ ವಂದನೆ. ಓಬಳೇಶರಿಗೆ ಗಡಿಯಾರ ಕೊಟ್ಟ ಮಾವನವರಿಗೆ ವಂದನೆ. ಆ ಮಾವನವರಿಗೆ ಹೆಣ್ಣು ಕೊಟ್ಟ...”

ಹೊರಗೆ ಬಸ್ಸು ಹಾರನ್ ಹೊಡೆದು ಹೋಯಿತು.

“...ಬಸ್ಸು ಹತ್ತೂವರೆಗೆ. ಈಗ ಹತ್ತು ಮೂವತ್ತೆರಡು.”

“ಭಾವ, ಆ ತಿರುಪು ಸ್ವಲ್ಪ ಸಡಿಲ ಮಾಡಿ!”

“ಉಪಕಾರ ಸ್ಮರಣೆ ಸಡಿಲ ಮಾಡೋದಾ? ನಿಂಗೆ ವಿಜ್ಞಾನ ಗೊತ್ತೇನಮ್ಮ?”

“ಬಸ್ಸು ಹೋಗಿದ್ದಂತೂ ಗೊತ್ತಾಯ್ತು!”

ಮರುದಿನ ನಾನೇ ಒಂದು ಪ್ರಶ್ನೆ ಕೇಳಿದೆ. ದಿನಾ ಪತ್ರಿಕೆಯಿಂದ ಪದಬಂಧ ಹರಿದುಕೊಂಡು ಹೋಗುತ್ತಿರುವವರು ಯಾರು?

“ಹನುಮಂತರಾಯ ಮೇಷ್ಟ್ರು” ಎಂದಿತು ಪೆಟ್ಟಿಗೆ, ಅಲ್ಲೇ ಕನ್ನಡಕ ಒರೆಸುತ್ತಿದ್ದ ಮೇಷ್ಟ್ರ ಎದುರಿಗೇ. “ಈ ಮಾಹಿತಿಯ ದಾನಿ ಅವರ ಧರ್ಮಪತ್ನಿ ಶ್ರೀಮತಿ ಸರೋಜಮ್ಮನವರು. ಅವರಿಗೆ ಅನಂತ ವಂದನೆ.”

ಮೇಷ್ಟ್ರು ಅವತ್ತು ಊಟ ಬಿಟ್ಟರು. ಸರೋಜಮ್ಮ ಅಡುಗೆಯನ್ನೇ ಬಿಟ್ಟರು! ಸುದ್ದಿ ಹಬ್ಬಿ, ತಮ್ಮ ಬಗ್ಗೆ ಯಾರು ಏನು ದಾನ ಮಾಡಿದ್ದಾರೆಂದು ಕೇಳಲು ಜನ ಸಾಲುಗಟ್ಟಿದರು. ಗುರುವಾರದ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಬ್ಬರಿಗೊಬ್ಬರು ಮಾತು ನಿಂತಿತ್ತು. “ನೋಡು, ಊರು ಎಷ್ಟು ಶಾಂತವಾಗಿದೆ!” ಎಂದರು ಭಾವ.

ಶುಕ್ರವಾರ ಉದ್ಘಾಟನೆ. ವಿರೂಪಾಕ್ಷಪ್ಪನವರು ಜನಕ್ಕಿಂತ ಮುಂಚೆಯೇ ಬಂದು, ಪೆಟ್ಟಿಗೆಯ ಮೇಲೆ ಮೊಣಕೈ ಊರಿ ನಿಂತಿದ್ದಾಗ ಫೋನು ಬಂತು. ಪತ್ರಿಕೆಗಳ ಸ್ಟ್ಯಾಂಡಿನ ಹಿಂದೆ ಕುರ್ಚಿ ಒರೆಸುತ್ತಿದ್ದ ನಾನು ಅವರಿಗೆ ಕಾಣಲಿಲ್ಲ.

“ಹುಣಸೆಬೀಜ ಇನ್ನೆರಡು ಮೂಟೆ ಸುರೀರಯ್ಯ!” ಎಂದರು ಅವರು ಫೋನಿಗೆ. “ಚೆನ್ನಾಗಿ ಹುರಿದ್ರೆ ಕಾಫಿಪುಡಿಗೂ ಅದಕ್ಕೂ ಏನು ವ್ಯತ್ಯಾಸ? ಯಾರಿಗೂ ಗೊತ್ತಾಗಲ್ಲ!”

“ಧನ್ಯವಾದ” ಎಂದು ಪೆಟ್ಟಿಗೆ ಮೆಲ್ಲಗೆ ಹೇಳಿತು. ಅವರೂ ಅದಕ್ಕೆ ಕೈಮುಗಿದರು.

ನಾನು ಭಾವನ ಹತ್ತಿರ ಓಡಿದೆ. “ತಿರುಪು ಬಿಚ್ಚಿ ಭಾವ, ನಮ್ಮ ಹೆಂಚು ಹೋಗುತ್ತೆ!” ಅವರಾಗಲೇ ಮೈಕಿನ ಮುಂದೆ ಸ್ವಾಗತ ಕೋರುತ್ತಿದ್ದರು. ಊರಿಗೆ ಊರೇ ಬಂದು ಕೂತಿತ್ತು. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ವಿರೂಪಾಕ್ಷಪ್ಪನವರು ಹಾರ ಸರಿಪಡಿಸಿಕೊಂಡು, ಗತ್ತಿನಿಂದ ಮೊದಲ ಪ್ರಶ್ನೆ ಕೇಳಿದರು. “ಜನೋಪಕಾರೀ, ನಿನ್ನನ್ನು ಈ ಊರಿಗೆ ಕೊಟ್ಟ ದಾನಿ ಯಾರು?”

“ಶ್ರೀ ವಿರೂಪಾಕ್ಷಪ್ಪನವರು” ಎಂದಿತು ಪೆಟ್ಟಿಗೆ. ಚಪ್ಪಾಳೆ! “ಅವರಿಗೆ ಕೊಟ್ಟವರು ಕಾಫಿಪುಡಿ ಕೊಂಡ ಮಹಾಜನರು.” ಇನ್ನೂ ಜೋರು ಚಪ್ಪಾಳೆ! “ಕಾಫಿಪುಡಿಗೆ ಮೈ ಕೊಟ್ಟದ್ದು ಹುರಿದ ಹುಣಸೆಬೀಜ. ಈ ಮಾಹಿತಿಯನ್ನು ಇಂದು ಬೆಳಿಗ್ಗೆ ದಾನ ಮಾಡಿದವರು ಸ್ವತಃ ಶ್ರೀ ವಿರೂಪಾಕ್ಷಪ್ಪನವರು! ಹುಣಸೆಬೀಜ ಕುಡಿದ ಪುಣ್ಯಾತ್ಮರಿಗೆಲ್ಲ ಈಗ ಹೆಸರು ಹಿಡಿದು ವಂದನೆ. ಒಂದು: ಹನುಮಂತರಾಯ ಮೇಷ್ಟ್ರು. ಎರಡು: ಶ್ರೀಮತಿ ಸರೋಜಮ್ಮ...”

ಪದಬಂಧದ ದಿನದಿಂದ ಮಾತು ಬಿಟ್ಟಿದ್ದ ಆ ದಂಪತಿ ಒಟ್ಟಿಗೇ ಎದ್ದು ನಿಂತರು. “ಅದಕ್ಕೇ ಕಣೇ ಕಾಫಿ ಒಗರು!” “ನನ್ನ ಕೈನೇ ಸರಿಯಿಲ್ಲ ಅಂತಿದ್ರಲ್ಲ!”

“ನಿಲ್ಲಿಸ್ರೀ ಅದನ್ನ!” ವಿರೂಪಾಕ್ಷಪ್ಪನವರು ಬೆವತು ಹೋದರು.

“ನಿಲ್ಲಿಸೋ ಸ್ವಿಚ್ಚೇ ಇಟ್ಟಿಲ್ಲ ಸ್ವಾಮಿ” ಎಂದರು ಭಾವ. “ಕೃತಜ್ಞತೆಗೆ ಕೊನೆ ಎಲ್ಲಿದೆ?”

ಕೊನೆ ನನ್ನ ಕುರ್ಚಿಯ ಹಿಂದೆ ಇತ್ತು. ಪ್ಲಗ್ಗಿನ ಮೇಲೆ ಕೈಯಿಟ್ಟುಕೊಂಡು ನಾನು ವಿರೂಪಾಕ್ಷಪ್ಪನವರನ್ನೇ ನೋಡಿದೆ.

“ಕೀಳಮ್ಮಾ! ಏನು ಬೇಕಾದ್ರೂ ಕೊಡ್ತೀನಿ!”

“ಹೆಂಚು, ಸ್ವಾಮಿ. ಪೂರ್ತಿ ಸೂರಿಗೆ.”

“ಆಯ್ತು, ಹೆಂಚು!”

“ಹೆಂಚು ಕೂರಿಸೋ ಅಡ್ಡಪಟ್ಟಿ ಸಮೇತ.”

“ಸಮೇತ ಕಣಮ್ಮಾ!”

“ಧನ್ಯವಾದ” ಎಂದಿತು ಪೆಟ್ಟಿಗೆ. “ಹುಣಸೆಬೀಜದ ಕಾರಣದಿಂದ ಹೆಂಚು ದಾನ ಮಾಡಿದವರು ಶ್ರೀ...”

“ನನ್ನ ಹೆಸರು ಹೇಳಬೇಡ!” ಎಂದು ವಿರೂಪಾಕ್ಷಪ್ಪನವರು ಕಿರುಚಿದರು. ನಾನು ಪ್ಲಗ್ಗು ಕಿತ್ತೆ.

ಮಳೆಗಾಲಕ್ಕೆ ಮುಂಚೆಯೇ ಹೆಂಚು ಬಂತು. ಒಂದರ ಮೇಲೂ ಹೆಸರಿಲ್ಲ. ನಮ್ಮೂರಿನ ಇತಿಹಾಸದಲ್ಲಿ ಇದೇ ಮೊದಲ ಗುಪ್ತದಾನ. ಕಾಗೆಗಳಿಗೆ ಮಾತ್ರ ಓದಲು ಏನೂ ಸಿಗಲಿಲ್ಲ.