ಎರಡು ಪ್ರತಿಗಳ ಒಪ್ಪಂದ

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ವಿಭಾಗದ ಇಬ್ಬರು ಹಿರಿಯ ಪ್ರಾಧ್ಯಾಪಕರ ಸಹಿ ಬೇಕು. ಆ ಒಂದು ಸಾಲೇ ಉಪನ್ಯಾಸಕಿಯ ಕೊರಳಿಗೆ ಉರುಳಾಯಿತು.

ಎರಡು ಮಹಾಯುದ್ಧಗಳಲ್ಲಿ ಬಡಿದಾಡಿಕೊಂಡ ಯುರೋಪಿನ ದೇಶಗಳು ಆಮೇಲೆ ಹೇಗೆ ಒಂದಾದವು, ಅದರಲ್ಲಿ ಸಾಗರದಾಚೆಯ ಅಮೆರಿಕದ ಕೈ ಎಷ್ಟಿತ್ತು ಎಂಬುದನ್ನು ಅವಳು ಹನ್ನೊಂದು ವರ್ಷಗಳಿಂದ ಓದುತ್ತಿದ್ದಳು. ಓದಿದ್ದೆಲ್ಲ ಹಾಲು ಉಕ್ಕದಂತೆ ಕಾಯುವಾಗ, ಅತ್ತೆಯ ಔಷಧಿಗೆ ಸಾಲಿನಲ್ಲಿ ನಿಂತಾಗ. ಆ ಒಪ್ಪಂದಗಳ ಮೂಲ ಕಾಗದಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕಿತ್ತು. ವಿಶ್ವವಿದ್ಯಾಲಯದ ಸಂಶೋಧನಾ ಅನುದಾನಕ್ಕೆ ಇದೇ ಕೊನೆಯ ವರ್ಷ. ವಿಭಾಗಕ್ಕೆ ಒಂದೇ ಅರ್ಜಿ. ಇಂದು ಸಂಜೆ ಐದಕ್ಕೆ ಬಾಗಿಲು ಬಂದ್.

ಹಿರಿಯರಿಬ್ಬರೂ ಒಂದೇ ಜೊತೆಯೆಂದು ಮಾರಿದ ಎರಡು ಎಡಗಾಲಿನ ಚಪ್ಪಲಿಗಳಂತಿದ್ದರು. ಒಂಬತ್ತು ವರ್ಷದ ಹಿಂದೆ ಕಿಟಕಿಯಿದ್ದ ಕೋಣೆ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಗೋಡೆ. ಅಂದಿನಿಂದ ಮಾತಿಲ್ಲ. ಎಲ್ಲರ ಬಾಯಲ್ಲಿ ಅವರು ಕಿಟಕಿ ಮೇಷ್ಟ್ರು, ಕತ್ತಲೆ ಮೇಷ್ಟ್ರು.

"ಆ ಮನುಷ್ಯನ ಕೆಳಗೆ ನಾನು ಸಹಿ ಹಾಕೋದಾ? ನನ್ನ ಹೆಸರು ಮೇಲಿರಲಿ, ಆಮೇಲೆ ನೋಡೋಣಮ್ಮ," ಎಂದರು ಕಿಟಕಿ ಮೇಷ್ಟ್ರು.

"ಅವರ ಕೆಳಗೆ? ನಾನಿನ್ನೂ ಅಷ್ಟು ಗತಿಗೆಟ್ಟಿಲ್ಲ ಕಣಮ್ಮ," ಎಂದರು ಕತ್ತಲೆ ಮೇಷ್ಟ್ರು.

ಅತ್ತೆಗೂ ನಾದಿನಿಗೂ ನಡುವೆ ಇಪ್ಪತ್ತು ವರ್ಷ ಸಂಧಾನ ಮಾಡಿದವಳು ಅವಳು. ಎರಡು ದೇಶಗಳು ಒಪ್ಪಂದ ಮಾಡಿಕೊಳ್ಳುವಾಗ ಎರಡು ಪ್ರತಿ ತೆಗೆದು, ಆಯಾ ದೇಶದ ಪ್ರತಿಯಲ್ಲಿ ಆ ದೇಶದ ಹೆಸರನ್ನೇ ಮೊದಲು ಬರೆಯುವುದು ನೆನಪಾಯಿತು. ತಾನೂ ಎರಡು ಪ್ರತಿ ಮಾಡಿದಳು. ಒಂದರಲ್ಲಿ ಕಿಟಕಿ ಮೇಷ್ಟ್ರ ಹೆಸರು ಮೇಲೆ, ಇನ್ನೊಂದರಲ್ಲಿ ಕತ್ತಲೆ ಮೇಷ್ಟ್ರದು. ಎರಡನ್ನೂ ಒಟ್ಟಿಗೆ ಸಲ್ಲಿಸಿದರೆ ಇಬ್ಬರ ಸಹಿಯೂ ಸಿಕ್ಕಂತೆ. ಅವರವರದನ್ನು ಅವರವರ ಮೇಜಿಗೆ ಮುಟ್ಟಿಸಿದಳು.

"ಇಟ್ಟುಹೋಗಮ್ಮ, ನಾಲ್ಕಕ್ಕೆ ಬಾ," ಎಂದರು ಇಬ್ಬರೂ.

ನಾಲ್ಕಕ್ಕೆ ಹೋದರೆ ಎರಡು ಕೋಣೆಗೂ ಬೀಗ. ಜವಾನ ಪಿಸುಗುಟ್ಟಿದ: "ಅಕ್ಕಾ, ನನ್ನ ಹೆಸರೇ ಮೇಲಿದೆ ಅಂತ ತೋರಿಸೋಕೆ ಕಿಟಕಿಯೋರು ಕತ್ತಲೆಯೋರ ಕೋಣೆಗೆ ಹೋದ್ರು. ನೋಡಿದ್ರೆ ಅವರ ಹತ್ರಾನೂ ಒಂದು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಒಂದೇ ಲೋಟದ ಟೀ ಹಂಚ್ಕೊಂಡು, ಫೈಲ್ ಹಿಡ್ಕೊಂಡು ಅನುದಾನದ ಆಫೀಸಿಗೆ ಹೋದ್ರು."

ಅವಳ ಕಣ್ಣು ತುಂಬಿತು. ತನ್ನ ಅರ್ಜಿಯನ್ನು ತಾವೇ ಸಲ್ಲಿಸಲು ಹೋಗಿದ್ದಾರೆ, ಪಾಪ. ಎರಡೆರಡು ಮೆಟ್ಟಿಲು ಹಾರಿ ಆಫೀಸು ಸೇರಿದಳು.

"ನಿಮ್ಮ ವಿಭಾಗದ್ದು ಆಗಲೇ ಬಂತಲ್ಲ ಮೇಡಂ," ಎಂದ ಗುಮಾಸ್ತ ಫೈಲು ತೆರೆದ. "ಎರಡು ಪ್ರತಿ ಕೊಟ್ಟಿದ್ದಾರೆ. ಯಾಕೋ ಗೊತ್ತಿಲ್ಲ."

ಮೊದಲ ಪುಟ ಮಾತ್ರ ಹೊಸದು. ಉಳಿದದ್ದೆಲ್ಲ ಅವಳದೇ, ಏಳನೆಯ ಪುಟದಲ್ಲಿ ಅವಳ ಅಡುಗೆಮನೆಯ ಎಣ್ಣೆ ಕಲೆಯೂ ಹಾಗೇ ಇತ್ತು. ಅರ್ಜಿದಾರರು: ಒಂದರಲ್ಲಿ ಕಿಟಕಿ ಮೇಷ್ಟ್ರು ಮೊದಲು, ಇನ್ನೊಂದರಲ್ಲಿ ಕತ್ತಲೆ ಮೇಷ್ಟ್ರು.

"ಯಾಕೆ ಮೇಡಂ ಹಾಗೆ ನಿಂತ್ರಿ? ನಿಮ್ಮ ಹೆಸರೂ ಇದೆ ನೋಡಿ."

ಇತ್ತು. 'ಬೆರಳಚ್ಚು ಮತ್ತು ಇತರ ಸಹಾಯ' ಎಂಬುದರ ಮುಂದೆ. ಯಾರು ಮೇಲೆ ಯಾರು ಕೆಳಗೆ ಎಂಬ ತಕರಾರಿಗೆ ಆಸ್ಪದವೇ ಇಲ್ಲದಂತೆ, ಎರಡು ಪ್ರತಿಯಲ್ಲೂ ಅದೇ ಕೊನೆಯ ಸಾಲಿನಲ್ಲಿ.